ಕೊಡುವ ಮುನ್ನ ಕೇಳಿ



ಇವತ್ತಿನ ಮಾತು ಮೊದಲು ನರ್ಸ್‌ಗಳಿಗೆ. ಹೊಸೂರು, ಕೃಷ್ಣಗಿರಿ, ದೇಂಕಣಿಕೋಟೆ, ತಳಿ, ಅಂಚೆಟ್ಟಿ ಕಡೆಯ ಆಸ್ಪತ್ರೆಗಳಲ್ಲಿ, ಆರೋಗ್ಯ ಕೇಂದ್ರಗಳಲ್ಲಿ ದುಡಿಯುವ ಸಿಸ್ಟರ್‌ಗಳಿಗೆ, ಬ್ರದರ್‌ಗಳಿಗೆ. ಉಳಿದವರೂ ದಯವಿಟ್ಟು ರೇಡಿಯೊ ಆರಿಸಬೇಡಿ. ನಿಮ್ಮ ಮನೆಯಲ್ಲೂ ಅಜ್ಜಿಗೆ ಮಾತ್ರೆ ಎಣಿಸಿ ಕೊಡುವವರು ಒಬ್ಬರಾದರೂ ಇರುತ್ತಾರೆ.

ವಿಷಯ ಒಂದೇ. ಮದ್ದನ್ನು ತಪ್ಪಿಲ್ಲದೆ ಕೊಡುವುದು ಹೇಗೆ.

ನರ್ಸಿಂಗ್ ಶಾಲೆಯ ಮೊದಲ ವರ್ಷದಲ್ಲೇ ಐದು ‘ಸರಿ’ಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಸರಿಯಾದ ರೋಗಿ. ಸರಿಯಾದ ಮದ್ದು. ಸರಿಯಾದ ಪ್ರಮಾಣ. ಸರಿಯಾದ ಮಾರ್ಗ. ಸರಿಯಾದ ಹೊತ್ತು. ಪರೀಕ್ಷೆಯಲ್ಲಿ ಈ ಐದನ್ನು ಬರೆಯದೆ ಪಾಸಾದವರಿಲ್ಲ. ಆದರೂ ತಪ್ಪುಗಳು ನಿಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದಕ್ಕೆಂದೇ ಒಂದು ಜಾಗತಿಕ ಅಭಿಯಾನ ಆರಂಭಿಸಿತು. ತಪ್ಪಿಸಬಹುದಾದ ಗಂಭೀರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕೆ ಇಳಿಸುವುದು ಅದರ ಗುರಿ. ಮದ್ದಿನ ತಪ್ಪುಗಳಿಂದ ಜಗತ್ತಿಗೆ ವರ್ಷಕ್ಕೆ ಸುಮಾರು 4,200 ಕೋಟಿ ಡಾಲರ್ ನಷ್ಟ ಎಂದು ಆಗ ಅದು ಅಂದಾಜು ಮಾಡಿತ್ತು. ಶ್ರೀಮಂತ ದೇಶಗಳ ದೊಡ್ಡ ಆಸ್ಪತ್ರೆಗಳೂ ಈ ಲೆಕ್ಕದಲ್ಲಿವೆ. ಐದು ಸರಿಗಳು ಅಲ್ಲಿನವರಿಗೂ ಬಾಯಿಪಾಠವೇ.

ಹಾಗಾದರೆ ಕೊರತೆ ಎಲ್ಲಿ? ನನಗೆ ಅನ್ನಿಸುವುದು ಇಷ್ಟು. ಆ ಪಟ್ಟಿ ಎಲ್ಲಿಗೆ ಮುಟ್ಟಬೇಕು ಎಂದು ಹೇಳುತ್ತದೆ. ಯಾವ ದಾರಿಯಲ್ಲಿ ಹೋಗಬೇಕು ಎಂದು ಹೇಳುವುದಿಲ್ಲ. ಈ ಗಡಿನಾಡಿನಲ್ಲಿ ಆ ದಾರಿ ಎಂದರೆ ಕೇಳುವುದು. ರೋಗಿಯನ್ನು ಕೇಳುವುದು, ಜೊತೆಯವರನ್ನು ಕೇಳುವುದು, ಬರೆದ ವೈದ್ಯರನ್ನು ಕೇಳುವುದು. ನಾಲ್ಕು ಭಾಷೆಗಳ ಊರಿನಲ್ಲಿ ಕೇಳುವುದೇ ಕಷ್ಟದ ಕೆಲಸ. ಮನೆಯಲ್ಲಿ ಕನ್ನಡವೋ ತೆಲುಗೋ ಉರ್ದುವೋ ಆಡುವವರು ಆಸ್ಪತ್ರೆಯಲ್ಲಿ ತಮಿಳಿನಲ್ಲಿ ನೋವು ಹೇಳಿಕೊಳ್ಳುತ್ತಾರೆ. ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಸಿಸ್ಟರ್ ಮಧುರೆಯವರೋ ಕೇರಳದವರೋ ಆಗಿರಬಹುದು. ಎಲ್ಲರೂ ತಲೆ ಆಡಿಸುತ್ತಾರೆ. ಎಲ್ಲರಿಗೂ ಅರ್ಥವಾಗಿದೆ ಎಂದು ಎಲ್ಲರೂ ನಂಬುತ್ತಾರೆ.

ಮೊದಲನೆಯ ‘ಸರಿ’ಗೆ ಬರೋಣ. ಸರಿಯಾದ ರೋಗಿ.

ಈ ಸೀಮೆಯ ಹೆಂಗಸರ ವಾರ್ಡಿಗೆ ಹೋಗಿ ‘ಮುನಿಯಮ್ಮ’ ಎಂದು ಕರೆಯಿರಿ. ಇಬ್ಬರು ತಿರುಗಿ ನೋಡಿದರೆ ಆಶ್ಚರ್ಯವಿಲ್ಲ. ವೆಂಕಟಮ್ಮ, ಲಕ್ಷ್ಮಮ್ಮ, ಗಂಡಸರಲ್ಲಿ ಮುನಿಯಪ್ಪ, ಮುನಿರಾಜು, ಇವೆಲ್ಲ ಊರೂರಿಗೂ ಇರುವ ಹೆಸರುಗಳು. ಆದ್ದರಿಂದ ‘ನೀವು ಮುನಿಯಮ್ಮ ಅಲ್ವಾ?’ ಎಂದು ಕೇಳಬೇಡಿ. ಕಿವಿ ಮಂದವಾದವರು, ಜ್ವರದಲ್ಲಿ ಮಂಪರಾಗಿರುವವರು, ಸಿಸ್ಟರ್ ಎಂದರೆ ಹೆದರುವವರು ‘ಹ್ಞೂಂ’ ಅನ್ನುತ್ತಾರೆ. ಆ ‘ಹ್ಞೂಂ’ ಉತ್ತರವೇ ಅಲ್ಲ. ‘ಅಮ್ಮಾ, ನಿಮ್ಮ ಹೆಸರೇನು? ಯಜಮಾನರ ಹೆಸರೇನು? ಯಾವೂರು?’ ಎಂದು ಕೇಳಿ. ಹೆಸರು ಅವರ ಬಾಯಿಂದಲೇ ಬರಲಿ. ಆಮೇಲೆ ಕೇಸ್ ಶೀಟಿನ ಹೆಸರು, ಆಸ್ಪತ್ರೆಯ ನಂಬರು ಎರಡನ್ನೂ ಹೋಲಿಸಿ. ಹಾಸಿಗೆಯ ನಂಬರು ಗುರುತಲ್ಲ. ಫ್ಯಾನಿನ ಗಾಳಿ ಬರಲಿ ಎಂದು ರಾತ್ರಿ ಹಾಸಿಗೆ ಬದಲಿಸಿಕೊಳ್ಳುವವರು ನಮ್ಮಲ್ಲಿ ಕಡಿಮೆಯೇ?

ಮಾತಾಡಲಾಗದ ರೋಗಿ ಇದ್ದರೆ ಕೈಪಟ್ಟಿ ನೋಡಿ. ಕೈಪಟ್ಟಿ ಇಲ್ಲದಿದ್ದರೆ ಜೊತೆಯವರನ್ನು ಇದೇ ರೀತಿ ಕೇಳಿ. ಜೊತೆಗೆ ಇನ್ನೊಂದು ಪ್ರಶ್ನೆ ಹಾಕಿ. ‘ಯಾವ ಮದ್ದಾದರೂ ಮೈಗೆ ಒಗ್ಗಲಿಲ್ಲ ಅಂತ ಇದೆಯಾ? ಯಾವುದಾದರೂ ಇಂಜೆಕ್ಷನ್ ಹಾಕಿದಾಗ ಮೈಯೆಲ್ಲ ದದ್ದು, ಉಸಿರುಗಟ್ಟುವುದು ಆಗಿತ್ತಾ?’ ಅಲರ್ಜಿ ಎಂಬ ಮಾತು ಗೊತ್ತಿಲ್ಲದವರಿಗೂ ಈ ಪ್ರಶ್ನೆ ಗೊತ್ತಾಗುತ್ತದೆ.

ಈವರೆಗೆ ಹೇಳಿದ್ದು ಇಷ್ಟೇ. ಹೌದು, ಅಲ್ಲ ಎಂಬ ಉತ್ತರ ಬರುವಂತೆ ಕೇಳಬೇಡಿ, ಹೆಸರನ್ನು ರೋಗಿಯೇ ಹೇಳಲಿ. ಈಗ ಎರಡನೆಯದು. ಸರಿಯಾದ ಮದ್ದು. ನನ್ನ ದೃಷ್ಟಿಯಲ್ಲಿ ನಮ್ಮ ಭಾಗಕ್ಕೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

2021ರ ಆಗಸ್ಟ್ 5ರಂದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿ ಗ್ರಾಮದಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ಒಂದು ಯೋಜನೆ ಆರಂಭಿಸಿದರು. ‘ಮಕ್ಕಳೈ ತೇಡಿ ಮರುತ್ತುವಂ.’ ಜನರ ಮನೆ ಬಾಗಿಲಿಗೇ ಚಿಕಿತ್ಸೆ ಹೋಗಬೇಕು ಎಂಬುದು ಅದರ ಆಶಯ. ಬಿಪಿ, ಸಕ್ಕರೆ ಕಾಯಿಲೆ ಇರುವವರಿಗೆ ಆರೋಗ್ಯ ಕಾರ್ಯಕರ್ತೆಯರು ಮಾತ್ರೆಯನ್ನು ಮನೆಗೇ ತಂದುಕೊಡುತ್ತಾರೆ. ಹಾಸಿಗೆ ಹಿಡಿದವರ ಆರೈಕೆಗೆ ನರ್ಸ್ ಬರುತ್ತಾರೆ. 2024ರಲ್ಲಿ ಈ ಯೋಜನೆಗೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಬೆಟ್ಟಗುಡ್ಡದ ಹಳ್ಳಿಗಳಿರುವ ಜಿಲ್ಲೆಗೆ ಇದು ನಿಜವಾಗಿ ದೊಡ್ಡ ಉಪಕಾರ. ಮಾತ್ರೆಗಾಗಿ ಒಂದು ದಿನದ ಕೂಲಿ ಕಳೆದುಕೊಳ್ಳುವುದು ತಪ್ಪಿತು.

ಆದರೆ ಈಗ ಹೊಸೂರಿನ ಭೂಗೋಳವನ್ನು ನೆನಪಿಗೆ ತಂದುಕೊಳ್ಳಿ. ಬೆಂಗಳೂರು ಇಲ್ಲಿಂದ ಸುಮಾರು 40 ಕಿಲೋಮೀಟರು. ಹೊಸೂರು ರಸ್ತೆ ಎಂದು ಬೆಂಗಳೂರಿನವರು ಕರೆಯುವ ಅದೇ ರಸ್ತೆಯಲ್ಲಿ ಸೇಂಟ್ ಜಾನ್ಸ್ ಇದೆ, ಕಿದ್ವಾಯಿ ಇದೆ, ನಿಮ್ಹಾನ್ಸ್ ಇದೆ. ಎದೆನೋವು ಬಂದರೆ, ಫಿಟ್ಸ್ ಬಂದರೆ ನಮ್ಮ ಜನ ಬಸ್ಸು ಹತ್ತುವುದು ಆ ಕಡೆಗೆ. ಅಲ್ಲಿಂದ ಒಂದು ಚೀಲ ಮಾತ್ರೆ ಬರುತ್ತದೆ. ಊರಿನ ಆರೋಗ್ಯ ಕೇಂದ್ರದಿಂದ ಇನ್ನೊಂದು ಚೀಲ. ಇಲ್ಲಿ ಸರ್ಕಾರಿ ಮಾತ್ರೆ ತಮಿಳುನಾಡು ವೈದ್ಯಕೀಯ ಸೇವಾ ನಿಗಮದ ಮೂಲಕ ಬರುತ್ತದೆ. 1994ರಲ್ಲಿ ಸ್ಥಾಪನೆಯಾದ ನಿಗಮ ಅದು. ಅದರ ಸ್ಟ್ರಿಪ್ಪಿನ ಮೇಲೆ ಇರುವುದು ಮದ್ದಿನ ಮೂಲ ಹೆಸರು. ಉದಾಹರಣೆಗೆ ಅಮ್ಲೋಡಿಪಿನ್. ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಸ್ಟ್ರಿಪ್ಪಿನಲ್ಲಿ ಕಂಪನಿ ಇಟ್ಟ ಹೆಸರೂ ಇರುತ್ತದೆ, ಜನ ಗುರುತಿಸುವುದು ಅದನ್ನೇ. ಜೊತೆಗಿರುವ ಅಮ್ಲೋಡಿಪಿನ್ ಎಂಬುದನ್ನು ಓದುವುದಿಲ್ಲ. ಒಂದು ಬಿಳಿ, ಇನ್ನೊಂದು ಬಣ್ಣದ ಮಾತ್ರೆ. ಅಜ್ಜಿಗೆ ಅವು ಎರಡು ಬೇರೆ ಬೇರೆ ಮದ್ದು. ಎರಡನ್ನೂ ನುಂಗುತ್ತಾರೆ. ಕಾಲು ಊದುತ್ತದೆ, ಎದ್ದು ನಿಂತರೆ ತಲೆ ತಿರುಗುತ್ತದೆ. ಸಕ್ಕರೆ ಇಳಿಸುವ ಗ್ಲಿಬೆನ್‌ಕ್ಲಮೈಡ್ ಅಥವಾ ಗ್ಲಿಮೆಪಿರೈಡ್ ಹೀಗೆ ಎರಡೆರಡಾದರೆ ಬೆವರು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವುದು.

ಇಲ್ಲಿ ಯಾರೂ ತಪ್ಪು ಮದ್ದು ಬರೆದಿಲ್ಲ. ಅಲ್ಲಿನ ವೈದ್ಯರು ಸರಿ, ಇಲ್ಲಿನವರೂ ಸರಿ. ಎರಡು ಚೀಲಗಳನ್ನು ಒಟ್ಟಿಗೆ ಬಿಚ್ಚಿ ನೋಡಿದವರು ಮಾತ್ರ ಇಲ್ಲ. ಆ ಕೆಲಸ ನರ್ಸ್ ಮಾಡಬಹುದು. ದಾಖಲಾಗುವ ರೋಗಿಯ ಬಳಿ ‘ಬೇರೆ ಮಾತ್ರೆ ತಗೋತೀರಾ?’ ಎಂದಷ್ಟೇ ಕೇಳಬೇಡಿ. ‘ಮನೆಯಲ್ಲಿರುವ ಎಲ್ಲಾ ಮಾತ್ರೆಯನ್ನೂ ಚೀಲ ಸಮೇತ ತನ್ನಿ’ ಎನ್ನಿ. ನಾಟಿ ಮದ್ದು, ಕಷಾಯ, ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ, ಎಲ್ಲವೂ ಬರಲಿ. ಸ್ಟ್ರಿಪ್ಪಿನ ಮೇಲಿನ ಮೂಲ ಹೆಸರು ಓದಿ. ಒಂದೇ ಮದ್ದು ಎರಡು ಕಡೆ ಕಂಡರೆ ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತೋರಿಸಿ.

ಹೆಸರಿನ ಗೊಂದಲ ಸುಪ್ರೀಂ ಕೋರ್ಟಿನ ತನಕವೂ ಹೋಗಿದೆ. ಮಿದುಳಿಗೆ ಏರುವ ಮಲೇರಿಯಾಕ್ಕೆ ಎರಡು ಕಂಪನಿಗಳು ಫಾಲ್ಸಿಗೊ, ಫಾಲ್ಸಿಟಾಬ್ ಎಂಬ ಹೆಸರುಗಳಲ್ಲಿ ಮದ್ದು ತಂದವು. 2001ರ ತೀರ್ಪಿನಲ್ಲಿ ಕೋರ್ಟು, ಮದ್ದಿನ ಹೆಸರುಗಳ ವಿಷಯದಲ್ಲಿ ಬೇರೆ ಸರಕುಗಳಿಗಿಂತ ಹೆಚ್ಚು ಬಿಗಿಯಾಗಿರಬೇಕು ಎಂದಿತು. ಹಲವು ಭಾಷೆಗಳ ದೇಶ ಇದು, ಓದು ಬಲ್ಲ ವೈದ್ಯರೂ ಔಷಧ ಅಂಗಡಿಯವರೂ ತಪ್ಪಬಹುದು ಎಂಬುದು ಕೋರ್ಟಿನ ಗಮನದಲ್ಲಿತ್ತು. ನ್ಯಾಯಾಧೀಶರಿಗೇ ಹೊಳೆದದ್ದು ವಾರ್ಡಿನಲ್ಲಿರುವ ನಮಗೆ ಹೊಳೆಯದಿದ್ದರೆ ಹೇಗೆ?

ಆದ್ದರಿಂದ ಲೇಬಲ್ ಮೂರು ಸಲ ಓದಿ. ಕಪಾಟಿನಿಂದ ತೆಗೆಯುವಾಗ. ಸಿರಿಂಜಿಗೆ ಎಳೆಯುವಾಗ ಅಥವಾ ಮಾತ್ರೆ ಬಿಡಿಸುವಾಗ. ರೋಗಿಯ ಪಕ್ಕದಲ್ಲಿ, ಕೊಡುವ ಮುನ್ನ. ರಾಯಕೋಟೆ ಮಂಡಿಯಲ್ಲಿ ಟೊಮೆಟೊ ಕೊಳ್ಳುವವರು ಕ್ರೇಟಿನ ಮೇಲಿನ ಪದರ ನೋಡಿ ಬೆಲೆ ಕಟ್ಟುವುದಿಲ್ಲ. ಕೈ ಹಾಕಿ ಕೆಳಗಿನದನ್ನೂ ತೆಗೆದು ನೋಡುತ್ತಾರೆ. ಪೆಟ್ಟಿಗೆಯ ಬಣ್ಣ ನೋಡಿ ಮದ್ದು ಗುರುತಿಸುವ ನರ್ಸ್ ಮೇಲಿನ ಪದರ ನೋಡಿ ಕೊಂಡ ಹಾಗೆ. ಬೇರೊಬ್ಬರು ಎಳೆದಿಟ್ಟ, ಹೆಸರು ಬರೆಯದ ಸಿರಿಂಜನ್ನು ಬಳಸಲೇಬೇಡಿ. ಅದು ಎಷ್ಟೇ ಬೆಲೆಯ ಮದ್ದಾಗಿರಲಿ, ಚೆಲ್ಲಿಬಿಡಿ.

ಇಲ್ಲಿಯವರೆಗೆ ಎರಡಾಯಿತು. ಹೆಸರು ರೋಗಿಯ ಬಾಯಿಂದ, ಮದ್ದು ಚೀಲ ಸಮೇತ. ಇನ್ನು ಮೂರನೆಯದು, ಪ್ರಮಾಣ. ಕಾಗದ, ಪೆನ್ನು ಹತ್ತಿರ ಇದ್ದರೆ ತೆಗೆದುಕೊಳ್ಳಿ.

ಮೊದಲು ಇನ್ಸುಲಿನ್. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಮುಖ್ಯವಾಗಿ ಎರಡು ಬಲದಲ್ಲಿ ಬರುತ್ತದೆ. ಒಂದರಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್. ಇನ್ನೊಂದರಲ್ಲಿ 100 ಯೂನಿಟ್. ಸಿರಿಂಜೂ ಎರಡು ಬಗೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ. 100ರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. ಈಗ 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಏನಾಗುತ್ತದೆ? ಒಳಗೆ ಬಂದದ್ದು 20 ಅಲ್ಲ, 50 ಯೂನಿಟ್. ಎರಡೂವರೆ ಪಟ್ಟು. ತಿರುಗಾ ಮುರುಗಾ ಆದರೆ, ಅಂದರೆ 40ರ ಬಾಟಲಿ, ಕಿತ್ತಳೆ ಮುಚ್ಚಳದ ಸಿರಿಂಜು, ಬರುವುದು ಬರೀ 8 ಯೂನಿಟ್. ಒಂದರಲ್ಲಿ ರೋಗಿ ಪ್ರಜ್ಞೆ ತಪ್ಪುತ್ತಾರೆ. ಇನ್ನೊಂದರಲ್ಲಿ ಸಕ್ಕರೆ ಇಳಿಯುವುದೇ ಇಲ್ಲ. ಬಾಟಲಿಯ ಅಂಕಿ, ಸಿರಿಂಜಿನ ಅಂಕಿ ಒಂದೇ ಇರಬೇಕು. ಇನ್ಸುಲಿನ್ ಪೆನ್ನಿನೊಳಗಿಂದ ಸಿರಿಂಜಿನಲ್ಲಿ ಎಳೆಯುವ ಅಭ್ಯಾಸವಂತೂ ಬೇಡವೇ ಬೇಡ. ಬರೆಯುವಾಗ ‘ಯೂನಿಟ್’ ಎಂದು ಪೂರ್ತಿ ಬರೆಯಿರಿ. ಇಂಗ್ಲಿಷಿನ ಯು ಅಕ್ಷರವೊಂದನ್ನೇ ಬರೆದರೆ ಅದು ಸೊನ್ನೆಯಂತೆ ಕಂಡು 10 ಹೋಗಿ 100 ಆಗುತ್ತದೆ.

ಎರಡನೆಯ ಉದಾಹರಣೆ ಮಕ್ಕಳ ಜ್ವರದ್ದು. ತಾಯಂದಿರೂ ಕೇಳಿ. ಪ್ಯಾರಸಿಟಮಾಲ್ ಟಾನಿಕ್ಕು ಒಂದೇ ಬಲದಲ್ಲಿ ಬರುವುದಿಲ್ಲ. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಮ್ ಇರುವುದು ಒಂದು. ಅದೇ 5 ಮಿಲಿಲೀಟರಿನಲ್ಲಿ 250 ಇರುವುದು ಇನ್ನೊಂದು. ಕೈಗೂಸಿನ ಡ್ರಾಪ್ಸ್ ಇನ್ನೂ ಗಟ್ಟಿ, ಒಂದು ಮಿಲಿಲೀಟರಿಗೇ 100 ಮಿಲಿಗ್ರಾಮ್. 10 ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಮ್ ಎಂದು ವೈದ್ಯರು ಹೇಳಿದ್ದಾರೆ ಎನ್ನಿ. ಮೊದಲ ಬಾಟಲಿಯಿಂದ 6 ಮಿಲಿಲೀಟರ್. ಎರಡನೆಯದರಿಂದ 3. ಡ್ರಾಪ್ಸ್ ಆದರೆ ಒಂದೂವರೆ. ‘ಒಂದು ಚಮಚ ಕೊಡಮ್ಮ’ ಎಂಬ ಮಾತು ಎಷ್ಟು ಅಪಾಯದ್ದು ನೋಡಿ. ಯಾವ ಬಾಟಲಿ? ಯಾವ ಚಮಚ? ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳದಲ್ಲೋ ಡ್ರಾಪರಿನಲ್ಲೋ ಗೆರೆ ತೋರಿಸಿ, ತಾಯಿಯ ಕೈಯಲ್ಲೇ ಒಮ್ಮೆ ಅಳೆಸಿ. ಮಗುವನ್ನು ತೂಗದೆ ಲೆಕ್ಕ ಶುರು ಮಾಡಬೇಡಿ.

ಅಪಾಯದ ಮದ್ದುಗಳ ಲೆಕ್ಕವನ್ನು ಇನ್ನೊಬ್ಬರಿಂದಲೂ ಮಾಡಿಸಿ. ಇನ್ಸುಲಿನ್, ಹೆಪರಿನ್, ಮಾರ್ಫಿನ್, ಪೊಟ್ಯಾಸಿಯಂ ಕ್ಲೋರೈಡ್ ಅಂಥವು. ನಿಮ್ಮ ಉತ್ತರ ತೋರಿಸಿ ‘ಸರೀನಾ?’ ಎಂದರೆ ಅವರು ಸರಿ ಎಂದೇ ಅನ್ನುತ್ತಾರೆ. ಅವರು ಬೇರೆಯಾಗಿಯೇ ಲೆಕ್ಕ ಮಾಡಲಿ. ಆಮೇಲೆ ಎರಡನ್ನೂ ಜೊತೆಗಿಟ್ಟು ನೋಡಿ.

ಪ್ರಮಾಣದ ಮಾತು ಮುಗಿಯಿತು. ಅಂಕಿಗೆ ಅಂಕಿ ಹೊಂದಬೇಕು, ಲೆಕ್ಕ ಇಬ್ಬರದಾಗಬೇಕು. ನಾಲ್ಕನೆಯದು ಮಾರ್ಗ, ಅಂದರೆ ಮದ್ದು ಮೈಯೊಳಗೆ ಹೋಗುವ ದಾರಿ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ನೋಡಲು ನೀರಿನ ಹಾಗೆ ತಿಳಿ. ಇಂಜೆಕ್ಷನ್ ಕಲಸುವ ನೀರಿನ ಆಂಪೂಲೂ ಅಷ್ಟೇ ದೊಡ್ಡದು, ಅಷ್ಟೇ ತಿಳಿ. ಪೊಟ್ಯಾಸಿಯಂ ನೇರ ನರಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ಅದನ್ನು ಡ್ರಿಪ್ಪಿನಲ್ಲಿ ಬೆರೆಸಿ, ಚೆನ್ನಾಗಿ ಅಲುಗಾಡಿಸಿ, ನಿಧಾನಕ್ಕೆ ಬಿಡಬೇಕು. ಎರಡನ್ನೂ ಒಂದೇ ಟ್ರೇಯಲ್ಲಿ ಇಡಬೇಡಿ. ಬೆಂಜಥೀನ್ ಪೆನಿಸಿಲಿನ್ ಹಾಲಿನಂತೆ ಬೆಳ್ಳಗಿರುತ್ತದೆ, ಅದು ಸ್ನಾಯುವಿಗೆ ಮಾತ್ರ, ನರಕ್ಕೆ ಎಂದೂ ಇಲ್ಲ. ಮೂಗಿನ ಕೊಳವೆಗೆ ಹಾಕುವ ಮದ್ದನ್ನು ಇಂಜೆಕ್ಷನ್ ಸಿರಿಂಜಿನಲ್ಲಿ ಎಳೆದು ಹಾಸಿಗೆಯ ಪಕ್ಕ ಬಿಟ್ಟು ಹೋಗಬೇಡಿ. ಮುಂದಿನ ಪಾಳಿಯವರು ಅದನ್ನು ಡ್ರಿಪ್ಪಿಗೆ ಹಾಕಿಬಿಡಬಹುದು. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಪುಡಿ ಮಾಡಬೇಡಿ. ಎದೆನೋವಿಗೆ ನಾಲಗೆ ಕೆಳಗೆ ಇಡುವ ಮಾತ್ರೆಯನ್ನು ನೀರು ಕುಡಿದು ನುಂಗಿಬಿಡುವವರು ಇದ್ದಾರೆ. ‘ಎಲ್ಲಿ ಇಟ್ಕೋತೀರಿ, ತೋರಿಸಿ ಅಣ್ಣಾ’ ಎಂದರೆ ಆಯಿತು.

ಹೀಗೆ ರೋಗಿ, ಮದ್ದು, ಪ್ರಮಾಣ, ಮಾರ್ಗ ನಾಲ್ಕೂ ಆಯಿತು. ಉಳಿದದ್ದು ಹೊತ್ತು.

ಚೀಟಿಯಲ್ಲಿ ಒಂದು, ಸೊನ್ನೆ, ಒಂದು ಎಂದು ಬರೆದಿರುತ್ತದೆ. ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಆದರೆ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಪಾಳಿ ಮಾಡುವವರ ಬೆಳಗು ಯಾವುದು? ರಾತ್ರಿ ಪಾಳಿ ಮುಗಿಸಿ ಏಳು ಗಂಟೆಗೆ ಮನೆಗೆ ಬಂದು, ಏನೂ ತಿನ್ನದೆ ಮಲಗಿಬಿಡುವವರಿಗೆ ‘ಬೆಳಗಿನ’ ಇನ್ಸುಲಿನ್ ನಿದ್ದೆಯಲ್ಲೇ ಸಕ್ಕರೆ ಇಳಿಸಿಬಿಡುತ್ತದೆ. ಅವರನ್ನು ‘ದಿನದ ಮೊದಲ ಊಟ ಎಷ್ಟು ಹೊತ್ತಿಗೆ?’ ಎಂದು ಕೇಳಿ. ರಂಜಾನ್ ತಿಂಗಳಲ್ಲಿ ಉಪವಾಸ ಮಾಡುವವರನ್ನು ಮುಂಚೆಯೇ ಕೇಳಿ, ವೈದ್ಯರಿಗೆ ತಿಳಿಸಿ. ಏಕಾದಶಿ, ಶನಿವಾರದ ಒಪ್ಪತ್ತು ಹಿಡಿಯುವವರನ್ನೂ ಹಾಗೆಯೇ. ವಾರ್ಡಿನಲ್ಲಂತೂ ಇನ್ಸುಲಿನ್ ಹಾಕುವ ಮುನ್ನ ತಟ್ಟೆ ಬಂದಿದೆಯೇ ನೋಡಿ. ಮುದ್ದೆ ಇನ್ನೂ ಅಡುಗೆ ಮನೆಯಲ್ಲೇ ಇದ್ದರೆ ಸೂಜಿಯೂ ಕಾಯಲಿ.

ಕೆಲವು ಮದ್ದಿಗೆ ಗಡಿಯಾರ ಒಂದೇ ಸಾಲದು. ಹೆರಿಗೆ ವಾರ್ಡಿನಲ್ಲಿ ಬಿಪಿ ಏರಿ ಫಿಟ್ಸ್ ಬರುವವರಿಗೆ ಕೊಡುವ ಮ್ಯಾಗ್ನೀಸಿಯಂ ಸಲ್ಫೇಟ್ ಅಂಥದ್ದು. ಮುಂದಿನ ಡೋಸಿನ ಹೊತ್ತು ಬಂತು ಎಂದು ಕೊಟ್ಟುಬಿಡುವ ಹಾಗಿಲ್ಲ. ಮೊಣಕಾಲು ತಟ್ಟಿದರೆ ಕಾಲು ಚಿಮ್ಮುತ್ತದೆಯೇ? ಉಸಿರು ನಿಮಿಷಕ್ಕೆ 16ಕ್ಕೆ ಕಡಿಮೆ ಇಲ್ಲ ತಾನೆ? ನಾಲ್ಕು ಗಂಟೆಯಲ್ಲಿ 100 ಮಿಲಿಲೀಟರಿನಷ್ಟಾದರೂ ಮೂತ್ರ ಬಂದಿದೆಯೇ? ಮೂರರಲ್ಲಿ ಒಂದು ತಪ್ಪಿದರೂ ಡೋಸ್ ತಡೆದು ವೈದ್ಯರನ್ನು ಕರೆಯಿರಿ. ಕ್ಯಾಲ್ಸಿಯಂ ಗ್ಲುಕೊನೇಟ್ ಪಕ್ಕದಲ್ಲೇ ಇರಲಿ. ಇಲ್ಲಿ ಪ್ರಶ್ನೆ ಬಾಯಿಗಲ್ಲ, ಮೈಗೆ.

ಐದೂ ಆದವು. ಇನ್ನು ಕೇಳಬೇಕಾದ ಒಬ್ಬರು ಉಳಿದಿದ್ದಾರೆ. ಮದ್ದು ಬರೆದ ವೈದ್ಯರು.

ನರ್ಸ್‌ಗಳು ರೋಗಿಯನ್ನು ಕೇಳಲು ಹಿಂಜರಿಯುವುದಿಲ್ಲ. ವೈದ್ಯರನ್ನು ಕೇಳಲು ಹಿಂಜರಿಯುತ್ತಾರೆ. ‘ಇಷ್ಟು ವರ್ಷದ ಸರ್ವಿಸ್, ಇದೂ ಓದೋಕೆ ಬರಲ್ವಾ?’ ಎಂಬ ಮಾತಿಗೆ ಹೆದರುತ್ತಾರೆ. ಆ ಮಾತು ಆಡುವ ವೈದ್ಯರಿಗೆ ನಾನು ಹೇಳುವುದು ಇದೇ. ಮದ್ದಿನ ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕು ಎಂದು ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ಮಾಡಿತ್ತು. ಓದಲು ಬಾರದಂತೆ ಬರೆದವರದೇ ತಪ್ಪು, ಕೇಳಿದವರದಲ್ಲ. ಫೋನಿನಲ್ಲಿ ಆರ್ಡರ್ ಬಂದರೆ ಬರೆದುಕೊಂಡು, ಬರೆದದ್ದನ್ನು ಓದಿ ಹೇಳಿ, ಅವರು ಹೌದು ಎಂದ ಮೇಲೆ ಫೋನು ಇಡಿ. 15, 50 ಎಂಬ ಇಂಗ್ಲಿಷ್ ಅಂಕಿಗಳು ಫೋನಿನಲ್ಲಿ ಒಂದೇ ಥರ ಕೇಳುತ್ತವೆ. ಒಂದು ಐದು, ಐದು ಸೊನ್ನೆ ಎಂದು ಬಿಡಿಸಿ ಹೇಳಿ.

ಆಸ್ಪತ್ರೆ ನಡೆಸುವವರಿಗೂ ಒಂದು ಮಾತು. ರಾತ್ರಿ ಇಡೀ ವಾರ್ಡಿಗೆ ಒಬ್ಬರನ್ನೇ ನಿಲ್ಲಿಸಿ, ಮದ್ದು ಕೊಡುವ ಹೊತ್ತಿನಲ್ಲೇ ಫೋನು, ಡಿಸ್‌ಚಾರ್ಜ್ ಕಾಗದ, ಲ್ಯಾಬಿನ ಓಡಾಟ ಎಲ್ಲವನ್ನೂ ಅವರ ಮೇಲೇ ಹೊರಿಸಿ, ಕೊನೆಗೆ ತಪ್ಪಾದಾಗ ಮೆಮೊ ಕೊಡುವುದು ನ್ಯಾಯವಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇದೆ. ಆತುರ ತಂದಿಟ್ಟವರು ಯಾರು ಎಂದು ಗಾದೆ ಕೇಳುವುದಿಲ್ಲ. ನಾವು ಕೇಳಬೇಕು. ಮದ್ದಿನ ಟ್ರಾಲಿ ಹೊರಟ ಮೇಲೆ ಆ ನರ್ಸನ್ನು ಯಾರೂ ಕೂಗಬಾರದು, ರೋಗಿಯ ಕಡೆಯವರೂ ಕೂಡ.

ಇನ್ನು ಎರಡು ನಿಮಿಷವಿದೆ. ಕೊಟ್ಟ ಮೇಲೆ ಏನು ಎಂಬುದನ್ನು ಹೇಳಿಬಿಡುತ್ತೇನೆ.

ಕೊಟ್ಟ ಮೇಲೆಯೇ ಸಹಿ ಹಾಕಿ, ಕೊಡುವ ಮುನ್ನ ಅಲ್ಲ. ರೋಗಿ ಬೇಡ ಎಂದರೆ ಹಾಗೆಂದೇ ಬರೆಯಿರಿ. ಇಂಜೆಕ್ಷನ್ ಹಾಕಿ ತಕ್ಷಣ ಹೊರಟುಬಿಡಬೇಡಿ. ಮೈ ಕಡಿತ, ಮುಖ ಊತ, ಉಸಿರಿನ ತೊಂದರೆ ಶುರುವಾಗುವುದು ಸಾಮಾನ್ಯವಾಗಿ ಮೊದಲ ನಿಮಿಷಗಳಲ್ಲೇ. ಅಡ್ರಿನಲಿನ್ ಟ್ರೇಯಲ್ಲೇ ಇರಬೇಕು, ಬೀಗ ಹಾಕಿದ ಕಪಾಟಿನಲ್ಲಿ ಅಲ್ಲ.

ತಪ್ಪೇ ಆಗಿಹೋದರೆ? ಮೊದಲು ರೋಗಿಯನ್ನು ನೋಡಿ. ನಾಡಿ, ಉಸಿರು, ಬಿಪಿ. ವೈದ್ಯರಿಗೆ ಆ ಕ್ಷಣವೇ ಹೇಳಿ. ಏನು ಕೊಟ್ಟಿರಿ, ಎಷ್ಟು ಹೊತ್ತಿಗೆ ಕೊಟ್ಟಿರಿ ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ. ಮದ್ದಿನ ಖಾಲಿ ಬಾಟಲಿ ಎಸೆಯಬೇಡಿ. ಅದರ ಬ್ಯಾಚ್ ನಂಬರು ಬೇಕಾಗುತ್ತದೆ.

ಮದ್ದು ಸರಿಯಾಗಿ ಕೊಟ್ಟರೂ ರೋಗಿಗೆ ಕೇಡಾಗುವುದುಂಟು. ಅದನ್ನೂ ವರದಿ ಮಾಡಬೇಕು. ಇದಕ್ಕಾಗಿ 2010ರಿಂದ ಭಾರತ ಸರ್ಕಾರದ ಔಷಧ ಜಾಗೃತಿ ಕಾರ್ಯಕ್ರಮ ಇದೆ. ಅದರ ರಾಷ್ಟ್ರೀಯ ಕೇಂದ್ರ ಘಾಜಿಯಾಬಾದಿನಲ್ಲಿದೆ. ವೈದ್ಯರೇ ವರದಿ ಮಾಡಬೇಕೆಂದಿಲ್ಲ. ನರ್ಸ್ ಮಾಡಬಹುದು, ಫಾರ್ಮಸಿಸ್ಟ್ ಮಾಡಬಹುದು, ರೋಗಿಯ ಮನೆಯವರೂ ಮಾಡಬಹುದು. ಆ ಮದ್ದಿನಿಂದಲೇ ಆಯಿತು ಎಂದು ನೀವು ಸಾಬೀತು ಮಾಡಬೇಕಾಗಿಲ್ಲ, ಅನುಮಾನ ಬಂದರೆ ಸಾಕು. ಕರೆಗೆ ಕಾಸಿಲ್ಲ. ಕೆಲಸದ ದಿನಗಳಲ್ಲಿ ಹಗಲು ಹೊತ್ತಿನಲ್ಲಿ ಮಾಡಿ. ನಂಬರು 1800 180 3024. ಬರೆದುಕೊಳ್ಳುವವರಿಗಾಗಿ ಇನ್ನೊಮ್ಮೆ ನಿಧಾನವಾಗಿ ಹೇಳುತ್ತೇನೆ. ಒಂದು, ಎಂಟು, ಸೊನ್ನೆ, ಸೊನ್ನೆ. ಒಂದು, ಎಂಟು, ಸೊನ್ನೆ. ಮೂರು, ಸೊನ್ನೆ, ಎರಡು, ನಾಲ್ಕು.